ಎರೆಹೊಲದಿಂದ ಅಡಿಕೆ ತೋಟದವರೆಗೆ: ರೈತರೇ ರೈತರಿಗೆ ಕಲಿಸುವ ಊರುಗಳಲ್ಲಿ

ತೋಟದ ವಿಷಯದಲ್ಲಿ ನಮ್ಮ ಭಾವ ಯಾರ ಮಾತನ್ನೂ ಸುಲಭಕ್ಕೆ ನಂಬುವುದಿಲ್ಲ. ಅಂಗಡಿಯವರು ಹೇಳಿದ ಔಷಧಿ ಇರಲಿ, ಯೂಟ್ಯೂಬಿನಲ್ಲಿ ಬಂದ ಗೊಬ್ಬರ ಇರಲಿ, ಅವರದು ಒಂದೇ ಪ್ರಶ್ನೆ. "ಹಾಕಿದವರ ತೋಟ ಎಲ್ಲಿದೆ? ಹೋಗಿ ನೋಡಬಹುದಾ?" ತುರುವೇಕೆರೆ ಹತ್ತಿರ ನಮ್ಮದು ತೆಂಗು, ಸಾಲುಗಳ ಮಧ್ಯೆ ಅಡಿಕೆ. ಎರಡು ವರ್ಷದಿಂದ ಅಡಿಕೆ ಮರ ಹತ್ತುವವರು ಸಿಗುತ್ತಿಲ್ಲ. ನೆಲದಲ್ಲೇ ನಿಂತು ದೋಟಿಯಲ್ಲಿ, ಅಂದರೆ ತುದಿಗೆ ಕತ್ತಿ ಇರುವ ಉದ್ದದ ಕೋಲಿನಲ್ಲಿ ಕೊಯ್ಯುತ್ತಾರಂತೆ, ಶಿರಸಿ, ಪುತ್ತೂರು ಕಡೆ ರೈತರು ಗುಂಪು ಮಾಡಿಕೊಂಡು ಒಬ್ಬರಿಗೊಬ್ಬರು ಕಲಿಸುತ್ತಾರಂತೆ ಅಂತ ಕೇಳಿದ್ದೆವು. ಅಕ್ಕನಿಗೆ ಬೇರೆ ಆಸೆ. ಅವಳ ಸ್ತ್ರೀಶಕ್ತಿ ಸಂಘದವರಿಗೆ ಸಾಮೆ ಬೀಜ ಬೇಕಿತ್ತು. ಹಾಗಾಗಿ ಡಿಸೆಂಬರ್‌ನಲ್ಲಿ ರಾಗಿ ಒಕ್ಕಣೆ ಮುಗಿದ ಮೇಲೆ ಮೂವರೂ ಕಾರಿನಲ್ಲಿ ಹೊರಟೆವು.

ಮೊದಲ ದಿನ: ಕುಂದಗೋಳದ ಎರೆಹೊಲ

ಬೆಳಗಿನ ಜಾವ ಬಿಟ್ಟು ಹುಳಿಯಾರು, ಹಿರಿಯೂರು ದಾಟಿ ಹೆದ್ದಾರಿ ಹಿಡಿದೆವು. ದಾವಣಗೆರೆಯಲ್ಲಿ ದೋಸೆ ತಿಂದಿದ್ದು ಬಿಟ್ಟರೆ ಎಲ್ಲೂ ನಿಲ್ಲಲಿಲ್ಲ. ಶಿಗ್ಗಾವಿ ದಾಟಿ ಹೆದ್ದಾರಿ ಬಿಟ್ಟು ಬಲಕ್ಕೆ ತಿರುಗಿದ ಮೇಲೆ ಊರಿನ ಬಣ್ಣವೇ ಬೇರೆ. ಕಣ್ಣು ಹಾಯಿಸಿದಷ್ಟು ದೂರ ಕಪ್ಪು ಎರೆ ಮಣ್ಣು. ಕಡಲೆ ಮೊಣಕಾಲಿಗೂ ಬಂದಿರಲಿಲ್ಲ, ಹಿಂಗಾರಿ ಜೋಳ ಸೊಂಟಕ್ಕೆ ಬಂದಿತ್ತು, ಅಲ್ಲಲ್ಲಿ ಮೆಣಸಿನಕಾಯಿ ಕೆಂಪಾಗಿ ತೂಗುತ್ತಿತ್ತು. ಮರ ಕಮ್ಮಿ, ಆಕಾಶ ಜಾಸ್ತಿ. ತೋಟದ ನೆರಳಲ್ಲಿ ಬೆಳೆದ ನಮಗೆ ಅಷ್ಟು ಬಯಲು ನೋಡಿದರೆ ಒಂದು ಕ್ಷಣ ಏನೂ ತೋಚುವುದಿಲ್ಲ.

ಹಿಂದಿನ ರಾತ್ರಿ ಅಲ್ಲಿ ಮಳೆ ಬಿದ್ದಿತ್ತು. ಹೊಲದ ದಾರಿಗೆ ಇಳಿದು ನೂರು ಅಡಿ ಹೋಗುವಷ್ಟರಲ್ಲಿ ಚಕ್ರಕ್ಕೆ ಮಣ್ಣು ಮೆತ್ತಿಕೊಂಡು ಕಾರು ನಿಂತೇಬಿಟ್ಟಿತು. ಕೆಮ್ಮಣ್ಣು ತೊಳೆದರೆ ಹೋಗುತ್ತದೆ. ಎರೆ ಮಣ್ಣು ಹಾಗಲ್ಲ, ಕೋಲಿನಿಂದ ಕೆರೆದು ತೆಗೆಯಬೇಕು. ಟ್ರ್ಯಾಕ್ಟರಿನಲ್ಲಿ ಬಂದ ಹುಡುಗ ಹಗ್ಗ ಕಟ್ಟಿ ಎಳೆದುಕೊಟ್ಟ, ದುಡ್ಡು ಕೊಟ್ಟರೆ ಬೇಡ ಅಂದ. "ಮಳಿ ಆದ ಮರುದಿನ ಡಾಂಬರ್ ಮ್ಯಾಲ ಗಾಡಿ ಬಿಟ್ಟು ನಡಕೊಂಡು ಬರ್ರಿ, ಇಲ್ಲಿ ಮಂದಿ ಎಲ್ಲಾ ಹಂಗ ಮಾಡ್ತಾರ" ಅಂತ ಹೇಳಿ ಹೋದ. ಆ ಕಡೆ ಹೋಗುವವರು ಇದನ್ನು ನೆನಪಿಟ್ಟುಕೊಳ್ಳಿ.

ಕುಂದಗೋಳ ತಾಲ್ಲೂಕಿನ ತೀರ್ಥ ಗ್ರಾಮದ ಹೆಸರು ನೀವು ಕೇಳಿರಬಹುದು. ಅಲ್ಲಿನ ಬೀಬಿ ಫಾತಿಮಾ ಮಹಿಳಾ ಸ್ವಸಹಾಯ ಸಂಘಕ್ಕೆ 2025ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಬಂತು. 2018ರಲ್ಲಿ ಶುರುವಾದ ಸಂಘ. ಸಹಜ ಸಮೃದ್ಧ ಸಂಸ್ಥೆಯ ಬೆಂಬಲದಿಂದ ಸಿರಿಧಾನ್ಯದ ಬೀಜ ಉಳಿಸಿ, ಹಂಚಿ, ಅಕ್ಕಿ ಮಾಡುವ ಘಟಕವನ್ನೂ ಹೆಂಗಸರೇ ನಡೆಸುತ್ತಾರೆ. ಒಣಭೂಮಿಯ ಹಳ್ಳಿಯೊಂದರ ಹೆಂಗಸರ ಕೆಲಸ ಜಗತ್ತಿನ ಕಣ್ಣಿಗೆ ಬಿತ್ತಲ್ಲ ಅಂತ ಅಕ್ಕನಿಗೆ ತುಂಬಾ ಹೆಮ್ಮೆ. ನಾವು ಹೋಗಿದ್ದು ಅದೇ ಸೀಮೆಯ ಇನ್ನೊಂದು ಊರಿಗೆ, ಪರಿಚಯದವರ ಪರಿಚಯದವರ ಮನೆಗೆ.

ಪಡಸಾಲೆಯ ಗೋಡೆಗೆ ಸಾಲಾಗಿ ಮಣ್ಣಿನ ಗಡಿಗೆಗಳು. ಒಳಗೆ ಬೂದಿ, ಬೇವಿನ ಸೊಪ್ಪು ಬೆರೆಸಿದ ಬೀಜ. ಸಾಮೆಗೆ ಅಲ್ಲಿ ಸಾವಿ ಅನ್ನುತ್ತಾರೆ. ಸಾವಿ, ನವಣಿ, ಬರಗು, ಗುರೆಳ್ಳು, ಮಡಿಕೆ. ಒಂದೊಂದು ಗಡಿಗೆಯ ಕೊರಳಿಗೂ ರಟ್ಟಿನ ಚೀಟಿ. ಅದರಲ್ಲಿ ಬೀಜದ ಹೆಸರಿನ ಜೊತೆ ಯಾರ ಹೊಲದ್ದು, ಯಾವ ವರ್ಷದ್ದು ಅಂತಲೂ ಬರೆದಿತ್ತು. ಅಕ್ಕ ಮನೆಯೊಡತಿಯನ್ನು ಬೆಲೆ ಕೇಳಿದಳು.

"ಬೀಜ ರೊಕ್ಕಕ್ಕ ಕೊಡಂಗಿಲ್ರೀ ಅಕ್ಕಾರ. ಒಯ್ದೋರು ಸುಗ್ಗಿ ಆದಮ್ಯಾಲ ಎರಡ್ ಪಟ್ಟು ತಂದು ಹಾಕಬೇಕು. ತಮ್ಮ ಹೊಲದಾಗ ಹೆಂಗ ಬಂತು ಅಂತ ಕುಂತು ಹೇಳಬೇಕು."

"ಮಳೆ ಹೋಗಿ ಬೆಳೆಯೇ ಬರದಿದ್ದರೆ?"

"ಮುಂದಿನ ವರ್ಷ ಕೊಡ್ತಾರ. ಅದಕ್ಕ ಒಂದ ಬೀಜ ನಾಕ್ ಮನ್ಯಾಗ ಇಟ್ಟಿರ್ತೀವ್ರಿ. ಒಬ್ಬಾಕಿ ಹೊಲ ಒಣಗಿದ್ರ ಇನ್ನೊಬ್ಬಾಕಿ ಹತ್ರ ಇರ್ತೈತಿ."

ಇದನ್ನು ಕೇಳಿದಾಗ ನನಗೆ ಮೈ ಜುಂ ಅಂದಿತು. ಬೆಳೆ ವಿಮೆ, ಬೀಜ ನಿಗಮ ಎಲ್ಲ ಇರಲಿ, ಬೇಕು. ಆದರೆ ನಾಲ್ಕು ಮನೆಯಲ್ಲಿ ಒಂದೇ ಬೀಜ ಇಡುವುದು ಎಂಥ ಗಟ್ಟಿ ಏರ್ಪಾಡು ಅಲ್ವಾ?

ಸಿರಿಧಾನ್ಯ ಊರಿಂದ ಯಾಕೆ ಹೋಯಿತು ಅನ್ನುವುದಕ್ಕೂ ಅವರ ಹತ್ತಿರ ನೇರ ಉತ್ತರ ಇತ್ತು. ಬೆಳೆಯುವುದು ಕಷ್ಟ ಅಂತಲ್ಲ, ಅಕ್ಕಿ ಮಾಡುವುದು ಕಷ್ಟ. ಸಾವಿ ಕಾಳಿನ ಸಿಪ್ಪೆ ಗಟ್ಟಿ, ಕಾಳು ಸಣ್ಣದು. ಒರಳಲ್ಲಿ ಕುಟ್ಟಿ ಕುಟ್ಟಿ ಹೆಂಗಸರ ರಟ್ಟೆ ಬಿದ್ದುಹೋಗುತ್ತಿತ್ತು. ಅಕ್ಕಿ ಗಿರಣಿಗೆ ಹಾಕಿದರೆ ಅರ್ಧ ನುಚ್ಚು. ಗೋವಿನಜೋಳಕ್ಕೆ, ಹತ್ತಿಗೆ ಆ ತಾಪತ್ರಯ ಇಲ್ಲ, ಚೀಲ ತುಂಬಿ ಮಾರಿದರಾಯಿತು. ಅದಕ್ಕೇ ಹತ್ತಿರದಲ್ಲಿ ಒಂದು ಸರಿಯಾದ ಯಂತ್ರ ಬಂದರೆ ಹತ್ತಾರು ಹೊಲಕ್ಕೆ ಸಾವಿ ವಾಪಸ್ ಬರುತ್ತದೆ. ಕಲ್ಲು ಬೇರೆ ಮಾಡುವುದು, ಸಿಪ್ಪೆ ತೆಗೆಯುವುದು, ಜರಡಿ ಹಿಡಿಯುವುದು, ಮೂರಕ್ಕೂ ಬೇರೆ ಬೇರೆ ಯಂತ್ರ ಬೇಕು. ಒಬ್ಬ ರೈತ ತರಲಾರ, ಸಂಘ ತರಬಹುದು.

ಮಧ್ಯಾಹ್ನದ ಊಟಕ್ಕೆ ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಗುರೆಳ್ಳು ಚಟ್ನಿ, ಗಟ್ಟಿ ಮೊಸರು. ಕೊನೆಗೆ ಸಾವಿ ಅಕ್ಕಿ ಅನ್ನ. ರೊಟ್ಟಿ ಬಡಿಯುವ ಸದ್ದು ನಿಲ್ಲಲೇ ಇಲ್ಲ, ನಾವು ತಿನ್ನುವುದನ್ನೂ ನಿಲ್ಲಿಸಲಿಲ್ಲ. ಹೊರಡುವಾಗ ಅಕ್ಕನ ಕೈಗೆ ಎರಡು ಸೇರು ಸಾವಿ ಬೀಜ ಬಂತು. ಚೀಟಿಯಲ್ಲಿ ಅವಳ ಹೆಸರು, ನಮ್ಮೂರ ಹೆಸರು ಬರೆಸಿಕೊಂಡರು. ಅಂದರೆ ಮುಂದಿನ ಸುಗ್ಗಿಗೆ ಅವಳು ಮತ್ತೆ ಬರಲೇಬೇಕು. ರಾತ್ರಿ ಹುಬ್ಬಳ್ಳಿಯಲ್ಲಿ ಮಲಗಿದೆವು.

ಎರಡನೇ ದಿನ: ಶಿರಸಿ

ಹುಬ್ಬಳ್ಳಿಯಿಂದ ತಡಸ, ಮುಂಡಗೋಡ ದಾರಿ. ರಸ್ತೆ ಬದಿಗೆ ಗೋವಿನಜೋಳ ಹರವಿದ್ದರು, ನಿಧಾನಕ್ಕೆ ಹೋಗಬೇಕು. ಮುಂಡಗೋಡ ಕಳೆದಂತೆ ಬಯಲು ಮುಗಿದು ಕಾಡು ಶುರು, ಗಾಳಿಯೂ ತಣ್ಣಗಾಯಿತು. ಶಿರಸಿ ಸೇರಿದಾಗ ಹತ್ತೂವರೆ. ಅಡಿಕೆ ವ್ಯಾಪಾರ ನೋಡಬೇಕು ಅನ್ನುವವರು ಕೆಲಸದ ದಿನ ಬೆಳಿಗ್ಗೆಯೇ ಹೋಗಬೇಕು, ಮಧ್ಯಾಹ್ನದ ಮೇಲೆ ಹೋದರೆ ಬರೀ ಚೀಲ ನೋಡಿಕೊಂಡು ಬರಬೇಕಾಗುತ್ತದೆ.

ತೋಟಗಾರ್ಸ್ ಸೇಲ್ ಸೊಸೈಟಿಯನ್ನು ಊರವರೆಲ್ಲ ಟಿಎಸ್‌ಎಸ್ ಅಂತಲೇ ಕರೆಯುವುದು. 1923ರಲ್ಲಿ ಹುಟ್ಟಿದ್ದು, ನೂರು ವರ್ಷ ದಾಟಿದೆ. ಅಂಗಳದಲ್ಲಿ ಚಾಲಿ, ರಾಶಿ, ಬೆಟ್ಟೆ, ಬಿಳೆಗೋಟು ಅಂತ ಬೇರೆ ಬೇರೆ ಅಡಿಕೆ. ವ್ಯಾಪಾರಿ ಮುಷ್ಟಿ ತುಂಬ ತೆಗೆದು, ಒಂದನ್ನು ಕತ್ತರಿಸಿ ಒಳಗಿನ ಬಣ್ಣ ನೋಡಿ ಮುಂದಿನ ರಾಶಿಗೆ ಹೋಗುತ್ತಾನೆ. ದರ ಟೆಂಡರಿನಲ್ಲಿ ಬರೆಯುತ್ತಾರೆ. ಹೆಚ್ಚು ಬರೆದವರಿಗೆ ಮಾಲು, ಆದರೆ ರೈತನಿಗೆ ದರ ಒಪ್ಪಿಗೆ ಆಗದಿದ್ದರೆ ಕೊಡದೇ ಇರಬಹುದು. ಭಾವ ಅಲ್ಲಿ ಬಹಳ ಹೊತ್ತು ನಿಂತರು. ನಮ್ಮ ಕಡೆ ಚೇಣಿಗೆ, ಅಂದರೆ ಫಸಲನ್ನು ಮರದಲ್ಲೇ ಗುತ್ತಿಗೆಗೆ ಕೊಟ್ಟು ಕೈ ತೊಳೆದುಕೊಳ್ಳುವವರೇ ಜಾಸ್ತಿ. ಇಲ್ಲಿ ಪಕ್ಕದವನ ಅಡಿಕೆಗೆ ತನ್ನದಕ್ಕಿಂತ ಹೆಚ್ಚು ದರ ಯಾಕೆ ಬಂತು ಅಂತ ಎಲ್ಲರ ಕಣ್ಣೆದುರೇ ಗೊತ್ತಾಗುತ್ತದೆ. ಒಣಗಿಸಿದ್ದು ಸಾಲಲಿಲ್ಲವೋ, ಬೇಯಿಸಿದ್ದು ಹೆಚ್ಚಾಯಿತೋ, ಮನೆಗೆ ಹೋಗುವ ದಾರಿಯಲ್ಲೇ ಚರ್ಚೆ ಶುರು. ಮಾರುಕಟ್ಟೆಯೇ ಪಾಠಶಾಲೆ ಆಗುವುದು ಹೀಗೆ.

ಸಿದ್ದಾಪುರ ರಸ್ತೆಯಲ್ಲಿ ನಾವು ಉಳಿದ ಮನೆ ಸುತ್ತ ಕಾಡು, ಕೆಳಗೆ ತೋಟ. ಕಾಲು ತೊಳೆದು ಜಗುಲಿ ಹತ್ತುವಷ್ಟರಲ್ಲಿ "ಆಸರಿಗೆ ಏನು ಬೇಕು?" ಅಂತ ಕೇಳಿ, ಉತ್ತರ ಬರುವ ಮೊದಲೇ ಕೋಕಂ ಶರಬತ್ತು ತಂದಿಟ್ಟರು. ಕೊಯ್ಲಿನ ಸಮಯದಲ್ಲಿ ಯಾರ ಮನೆಗೂ ಫೋನ್ ಮಾಡದೆ ಹೋಗಬೇಡಿ, ಅವರಿಗೆ ಉಸಿರಾಡಲೂ ಹೊತ್ತಿರುವುದಿಲ್ಲ. ಹಾಗಿದ್ದೂ ಆ ಮನೆಯ ಹಿರಿಯರು ಇಡೀ ಮಧ್ಯಾಹ್ನ ನಮಗೆ ಕೊಟ್ಟರು.

ದೋಟಿ ನೋಡಿದ್ದು ಇಲ್ಲೇ. ಕಾರ್ಬನ್ ಫೈಬರಿನ ಕಪ್ಪು ಕೊಳವೆಗಳು, ಒಂದರೊಳಗೆ ಒಂದು ಸೇರಿಕೊಂಡಿರುತ್ತವೆ. ಬೇಕಾದಷ್ಟೇ ಎಳೆದು ಬಿಗಿ ಮಾಡುವುದು. ತುದಿಗೆ ಕತ್ತಿ. ದೋಟಿಯನ್ನು ಮರಕ್ಕೆ ತಾಗಿಸಿಕೊಂಡೇ ಮೇಲಕ್ಕೆ ಏರಿಸಬೇಕು. ಕೈಯಲ್ಲಿ ಆಕಾಶಕ್ಕೆ ಹಿಡಿದರೆ ಅರವತ್ತು ಅಡಿ ಎತ್ತರದ ತುದಿ ಬಳುಕುತ್ತದೆ, ಕತ್ತಿ ಎಲ್ಲೋ ಹೋಗುತ್ತದೆ. ಅಡಿಕೆ ಗೊನೆಯ ಬುಡಕ್ಕೆ ಕತ್ತಿ ಸಿಕ್ಕಿಸಿ ಒಂದು ಜಗ್ಗು. ಕೆಳಗೆ ಇಬ್ಬರು ಬಲೆ ಹಿಡಿದು ನಿಂತಿರುತ್ತಾರೆ. ಧೊಪ್ ಅಂತ ಗೊನೆ ಬಲೆಗೆ ಬಿತ್ತು, ನಾಲ್ಕಾರು ಅಡಿಕೆ ಅಷ್ಟೇ ಆಚೆ ಚೆಲ್ಲಿದ್ದು. ಅದೇ ದೋಟಿಯ ತುದಿಗೆ ನಾಜಲ್ ಕಟ್ಟಿದರೆ ಮಳೆಗಾಲದಲ್ಲಿ ಔಷಧಿಯನ್ನೂ ಹೊಡೆಯಬಹುದು.

ಭಾವ ಕೈಗೆ ತೆಗೆದುಕೊಂಡರು. ಹಿರಿಯರು ಮೊದಲು ಹೇಳಿದ್ದು ಕೊಯ್ಯುವ ಮಾತಲ್ಲ. "ಮೊದಲು ಮೇಲೆ ನೋಡಿ. ಕರೆಂಟ್ ಲೈನ್ ಇದ್ದರೆ ಆ ಸಾಲಿಗೆ ಹೋಗಲೇಬೇಡಿ. ಇದು ಬಿದಿರು ಅಲ್ಲ, ಕಾರ್ಬನ್ನಿನಲ್ಲಿ ವಿದ್ಯುತ್ ಹರಿಯುತ್ತದೆ." ದೋಟಿ ಕೊಳ್ಳುವವರಿಗೆ ಎಲ್ಲರೂ ಉದ್ದ, ತೂಕ, ಬೆಲೆ ಹೇಳುತ್ತಾರೆ. ಜೀವ ಉಳಿಸುವ ಮಾತು ಮೊದಲು ಬರಬೇಕು.

ಅವರ ಗುಂಪಿನವರು ತಿಂಗಳಿಗೊಮ್ಮೆ ಒಬ್ಬೊಬ್ಬರ ತೋಟದಲ್ಲಿ ಸೇರುತ್ತಾರೆ. ಭಾಷಣ ಇಲ್ಲ. ಮನೆಯವರು ಏನು ಮಾಡಿದ್ದಾರೆ, ಎಷ್ಟು ಖರ್ಚಾಯಿತು, ಏನು ಕೈಕೊಟ್ಟಿತು ಅಂತ ತೋಟದಲ್ಲಿ ನಡೆಯುತ್ತಲೇ ಹೇಳಬೇಕು. ವಾಟ್ಸಾಪ್ ಗುಂಪೂ ಇದೆ. ತೋಟದ ಮಾತು ಬಿಟ್ಟು ಬೇರೆ ಹಾಕುವಂತಿಲ್ಲ. ಟೈಪ್ ಮಾಡಲು ಬಾರದ ಹಿರಿಯರು ಧ್ವನಿ ಸಂದೇಶ ಕಳಿಸುತ್ತಾರೆ. ನಾವಿದ್ದಾಗಲೇ ಯಾರೋ ಎಲೆಚುಕ್ಕಿ ರೋಗದ ಫೋಟೋ ಹಾಕಿದರು. ಒಂದೇ ಒಂದು ಎಲೆಯ ಫೋಟೋ. ತಕ್ಷಣ ಯಾರೂ ಔಷಧಿ ಹೆಸರು ಹೇಳಲಿಲ್ಲ, ಅದು ನನಗೆ ಬಹಳ ಹಿಡಿಸಿತು. ಎಲೆಯ ಹಿಂಬದಿ ತೋರಿಸಿ, ಇಡೀ ಮರ ತೋರಿಸಿ, ಕೆಳಗಿನ ಸೋಗೆಯಿಂದ ಶುರುವಾಗಿದೆಯೋ ಮೇಲಿನಿಂದಲೋ, ಚುಕ್ಕಿ ಸುತ್ತ ಹಳದಿ ಇದೆಯೋ ಇಲ್ಲವೋ, ಬಸಿಗಾಲುವೆ ಹೇಗಿದೆ ಅಂತ ಪ್ರಶ್ನೆ ಮೇಲೆ ಪ್ರಶ್ನೆ. ಉತ್ತರ ಬಂದಿದ್ದು ಅರ್ಧ ಗಂಟೆ ಆದ ಮೇಲೆ.

ಅಷ್ಟರಲ್ಲಿ ಪಶ್ಚಿಮಕ್ಕೆ ಮೋಡ ಕಟ್ಟಿತು. ಡಿಸೆಂಬರ್‌ನಲ್ಲಿ ಮಳೆ ಅಂದರೆ ಅಡಿಕೆ ಬೆಳೆಗಾರರ ಎದೆ ಧಸಕ್ ಅನ್ನುತ್ತದೆ. ಅಂಗಳದ ತುಂಬ ಬೇಯಿಸಿ ಹರವಿದ ಅಡಿಕೆ. ಮೊದಲ ಹನಿ ಬಿದ್ದಿದ್ದೇ ತಡ, ಮನೆಯವರು, ಕೆಲಸದವರು, ನಾವು ಮೂವರು, ಪಕ್ಕದ ಮನೆಯವರು, ಎಲ್ಲರೂ ಅಂಗಳದಲ್ಲಿ. ಅಕ್ಕ ಸೆರಗು ಸಿಕ್ಕಿಸಿ ಬುಟ್ಟಿ ತುಂಬಿದ್ದೇ ತುಂಬಿದ್ದು. ತಾಡಪತ್ರೆ ಎಳೆದು ನಾಲ್ಕು ಮೂಲೆಗೆ ಕಲ್ಲಿಟ್ಟ ಮೇಲೆ ಜೋರು ಮಳೆ ಹತ್ತು ನಿಮಿಷ ಹೊಡೆದು ನಿಂತಿತು. ಎಲ್ಲರ ಅಂಗೈಯೂ ಕಂದು, ಅಡಿಕೆ ತೊಗರಿನ ಕಲೆ ಊರಿಗೆ ಬಂದರೂ ಹೋಗಿರಲಿಲ್ಲ.

ರಾತ್ರಿ ಅಪ್ಪೆಹುಳಿ, ತಂಬುಳಿ, ಅನ್ನ. ಊಟದ ನಂತರ ಅಡಿಕೆ ಸುಲಿಯಲು ಅಕ್ಕಪಕ್ಕದ ಮನೆಯವರೆಲ್ಲ ಮೆಟ್ಟುಗತ್ತಿ (ಅಡಿಕೆ ಸುಲಿಯುವ ಕತ್ತಿ) ಹಿಡಿದು ಬಂದರು. ಇವತ್ತು ಈ ಮನೆ, ನಾಳೆ ಆ ಮನೆ, ಮುಯ್ಯಾಳು ಪದ್ಧತಿ. ಮನೆಯ ಅತ್ತಿಗೆ ಅಕ್ಕನನ್ನು ಪಕ್ಕದಲ್ಲಿ ಕೂರಿಸಿಕೊಂಡು ಸೌತೆ, ಬದನೆ, ಬಳ್ಳಿ ಅವರೆ ಬೀಜದ ಡಬ್ಬಿ ತೆಗೆದರು. ಶಿರಸಿಯಲ್ಲಿ ವನಸ್ತ್ರೀ ಅಂತ ಹೆಂಗಸರ ಗುಂಪು 2001ರಿಂದ ಕೈತೋಟದ ಬೀಜ ಉಳಿಸುವ ಕೆಲಸ ಮಾಡುತ್ತಿದೆ. ಕುಂದಗೋಳದ ಸಾವಿ ಚೀಲದಿಂದ ಒಂದು ಹಿಡಿ ಇಲ್ಲಿ ಇಳಿಯಿತು, ಬದಲಿಗೆ ಮೂರು ಜಾತಿ ಸೌತೆ ಬೀಜ ಹತ್ತಿತು.

ಮೂರನೇ ದಿನ: ಘಟ್ಟ ಇಳಿದು ಕಡಲು

ಪೂರ್ತಿ ರಸ್ತೆಯಲ್ಲೇ ಕಳೆದ ದಿನ. ಸಿದ್ದಾಪುರ, ಮಾವಿನಗುಂಡಿ, ಅಲ್ಲಿಂದ ಗೇರುಸೊಪ್ಪೆ ಘಟ್ಟ. ಬೆಳಿಗ್ಗೆ ಮಂಜು ಎಷ್ಟಿತ್ತೆಂದರೆ ಎದುರಿನ ಬಸ್ಸಿನ ದೀಪ ಮಾತ್ರ ಕಾಣುತ್ತಿತ್ತು. ಜೋಗಕ್ಕೆ ಹೋಗಲಿಲ್ಲ, ಆ ಕಾಲಕ್ಕೆ ನೀರು ಕಮ್ಮಿ. ಘಟ್ಟ ಇಳಿದ ಮೇಲೆ ಶರಾವತಿ ಪಕ್ಕದಲ್ಲೇ ಹೊನ್ನಾವರದ ತನಕ ಬರುತ್ತದೆ. ಹೊನ್ನಾವರದಲ್ಲಿ ಬೇಗನೇ ಊಟ ಮಾಡಿದೆವು, ಕುಚ್ಚಲಕ್ಕಿ ಅನ್ನ, ಮೀನು ಸಾರು. ಮರವಂತೆಯಲ್ಲಿ ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ ಹೊಳೆ. ಅಕ್ಕ ಕಡಲು ನೋಡಿ ಎಷ್ಟೋ ವರ್ಷ ಆಗಿತ್ತು, ಎದ್ದು ಬರಲು ಒಪ್ಪಲೇ ಇಲ್ಲ. ಪುತ್ತೂರು ತಲುಪಿದಾಗ ಕತ್ತಲಾಗಿತ್ತು.

ನಾಲ್ಕನೇ ದಿನ: ಪುತ್ತೂರು, ವಿಟ್ಲ

ಬೆಳಿಗ್ಗೆ ನೀರುದೋಸೆ ತಿನ್ನುತ್ತಾ ಕೂತಾಗ ಮನೆಯ ಯಜಮಾನರು ಹಳೆಯ ಅಡಿಕೆ ಪತ್ರಿಕೆಯ ಕಟ್ಟುಗಳನ್ನು ತಂದಿಟ್ಟರು. 1988ರಲ್ಲಿ ಪುತ್ತೂರಿನಲ್ಲಿ ಶುರುವಾದ ಮಾಸಪತ್ರಿಕೆ, ಕೃಷಿ ಪತ್ರಕರ್ತ ಶ್ರೀಪಡ್ರೆಯವರ ಹೆಸರಿನ ಜೊತೆಗೇ ನೆನಪಾಗುವಂಥದ್ದು. ಕೃಷಿಕರ ಅನುಭವವನ್ನು ಕೃಷಿಕರೇ ಬರೆಯಬೇಕು ಅನ್ನುವುದು ಅದರ ಹಟ. ಓದಿದವರು ಬರೆದವರಿಗೆ ಫೋನ್ ಮಾಡಿ ಸೀದಾ ತೋಟಕ್ಕೆ ಹೋಗುತ್ತಾರೆ. ಭಾವನ ಪ್ರಶ್ನೆಗೆ ಇಲ್ಲಿ ಮೂವತ್ತು ವರ್ಷದ ಮೇಲಾಯಿತು ಉತ್ತರ ಸಿಕ್ಕಿ. ಅವರು ದೋಸೆ ಆರಿದರೂ ಕಟ್ಟು ಕೆಳಗಿಡಲಿಲ್ಲ.

"ಬರೆದವರ ಮನೆಗೆ ಜನ ಬರುತ್ತಾರೆ ಅಂತ ಗೊತ್ತಿದ್ದರೆ ಸುಳ್ಳು ಬರೆಯಲಿಕ್ಕೆ ಆಗುವುದಿಲ್ಲ ಮಾರಾಯ್ರೆ" ಅಂದರು ಯಜಮಾನರು.

ಅವರ ಮನೆಯಮ್ಮ ನಮಗೆ ಬಾಳೆಕಾಯಿ ಹುಡಿ ತೋರಿಸಿದರು. 2021ರ ಲಾಕ್‌ಡೌನ್ ಕಾಲದಲ್ಲಿ ಬಾಳೆಗೊನೆ ಕೇಳುವವರೇ ಇರಲಿಲ್ಲವಲ್ಲ, ಆಗ ಈ ಕಡೆಯಿಂದ ಬಾಕಾಹು, ಅಂದರೆ ಬಾಳೆಕಾಯಿ ಹುಡಿ ಅನ್ನುವ ಆಂದೋಲನ ಶುರುವಾಯಿತು. ಕೇರಳದ ಆಲಪ್ಪುಳದ ಕೃಷಿ ವಿಜ್ಞಾನ ಕೇಂದ್ರದ ತಜ್ಞೆ ವಾಟ್ಸಾಪಿನಲ್ಲೇ ಪಾಠ ಹೇಳಿದರು. ಮನೆಮನೆಯಲ್ಲಿ ಹೆಂಗಸರು ಹುಡಿ ಮಾಡಿ, ಅದರಲ್ಲಿ ದೋಸೆ, ರೊಟ್ಟಿ, ಉಂಡೆ ಮಾಡಿ ಫೋಟೋ ಹಾಕಿದರು. ಬಾಳೆಕಾಯಿ ತೆಳ್ಳಗೆ ಹೆಚ್ಚಿ ಬಿಸಿಲಿಗೆ ಹಾಕಿದರೆ ಕಪ್ಪಾಗುತ್ತದೆ. ಉಪ್ಪು ಹಾಕಿದ ಗಂಜಿ ತಿಳಿಯಲ್ಲಿ ಸ್ವಲ್ಪ ಹೊತ್ತು ಅದ್ದಿಟ್ಟು ಒಣಗಿಸಿದರೆ ಬಿಳಿಯಾಗಿ ಬರುತ್ತದೆ. ಮುರಿದರೆ ಪಟ್ ಅನ್ನಬೇಕು, ಆಗಲೇ ಮಿಕ್ಸಿಗೆ. ಅಕ್ಕ ಎಲ್ಲವನ್ನೂ ಫೋನಿನಲ್ಲಿ ಹಿಡಿದುಕೊಂಡಳು.

ಮಧ್ಯಾಹ್ನ ವಿಟ್ಲದ ಕಡೆ ಹೋದೆವು. ಅಲ್ಲಿರುವ ಕೇಂದ್ರ ತೋಟ ಬೆಳೆಗಳ ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರ ಅಡಿಕೆಯವರಿಗೆ ಹಳೆಯ ನಂಟು, ಮಂಗಳಾ ತಳಿ 1972ರಲ್ಲಿ ಬಂದಿದ್ದು ಇಲ್ಲಿಂದ. ಪುತ್ತೂರಿನ ಕೆಮ್ಮಿಂಜೆಯಲ್ಲಿ ಕ್ಯಾಂಪ್ಕೊ ಚಾಕೊಲೇಟ್ ಕಾರ್ಖಾನೆಯನ್ನೂ ಹೊರಗಿನಿಂದ ನೋಡಿದೆವು. ಅಡಿಕೆ ದರ ಕುಸಿದು ಬೆಳೆಗಾರರು ಕಂಗಾಲಾಗಿದ್ದಾಗ ವಾರಣಾಸಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ 1973ರಲ್ಲಿ ಕರ್ನಾಟಕ, ಕೇರಳದ ರೈತರು ಸೇರಿ ಕಟ್ಟಿದ ಸಹಕಾರಿ ಈ ಕ್ಯಾಂಪ್ಕೊ. ಮುಂದೆ ಕೊಕ್ಕೊ ಕೊಳ್ಳುವವರಿಲ್ಲದೆ ರೈತರು ಗಿಡ ಕಡಿಯುವ ಹೊತ್ತಿಗೆ ಕ್ಯಾಂಪ್ಕೊ ಕೊಳ್ಳಲು ನಿಂತಿತು, 1986ರಲ್ಲಿ ಕಾರ್ಖಾನೆಯೂ ಆಯಿತು. ಹೊಸ ಬೆಳೆ ಕಲಿಸಿದರೆ ಸಾಲದು, ಬೆಳೆದದ್ದನ್ನು ಕೊಳ್ಳುವ ಕೈಯೂ ನಮ್ಮದೇ ಆಗಿರಬೇಕು.

ಸಂಜೆ ಒಂದು ಮನೆಯಂಗಳದಲ್ಲಿ ಸುತ್ತಲಿನ ಕೃಷಿಕರು ಸೇರಿದ್ದರು. ಗೋಳಿಬಜೆ, ಚಹಾ. ಒಬ್ಬ ಯುವಕ ಹಿಂದಿನ ಮಳೆಗಾಲದಲ್ಲಿ ಕೊಳೆರೋಗದಿಂದ ಅರ್ಧ ಫಸಲು ಹೋಗಿದ್ದನ್ನು ಮುಚ್ಚುಮರೆ ಇಲ್ಲದೆ ಹೇಳಿದ. ಮೈಲುತುತ್ತು, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಹೊಡೆದಿದ್ದ, ಆದರೂ ಹೋಯಿತು. ಹಿರಿಯರೊಬ್ಬರು ಎದ್ದು ಅಲ್ಲೇ ಎರಡು ಪ್ಲಾಸ್ಟಿಕ್ ಬಕೆಟ್ ತರಿಸಿದರು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ಅದು ಎಲ್ಲರಿಗೂ ಗೊತ್ತು. ತುತ್ತಿನ ನೀರನ್ನು ಸುಣ್ಣದ ನೀರಿಗೆ ಹೊಯ್ಯಬೇಕು, ತಿರುಗಾಮುರುಗಾ ಮಾಡಬಾರದು. ಹೊಯ್ದರು, ತಿಳಿನೀಲಿ ಬಣ್ಣ ಬಂತು. ಉಜ್ಜಿ ಹೊಳೆಯುವ ಚಾಕು ಒಂದನ್ನು ಒಂದು ನಿಮಿಷ ಅದ್ದಿ ತೆಗೆದರು. ಅಂಚಿಗೆ ತುಕ್ಕಿನಂತೆ ಕೆಂಪು ಹತ್ತಿತ್ತು. "ಇದು ಹುಳಿ ಉಂಟು. ಸುಣ್ಣ ಹಳತು, ಸತ್ವ ಹೋಗಿದೆ" ಅಂದರು. ಇನ್ನಷ್ಟು ಸುಣ್ಣದ ನೀರು ಹಾಕಿ ಚಾಕು ಮತ್ತೆ ಉಜ್ಜಿ ಅದ್ದಿದರೆ ಬಿಳಿಯಾಗೇ ಉಳಿಯಿತು. ಆ ಯುವಕ ತಾನು ಸುಣ್ಣವನ್ನು ಹಿಂದಿನ ವರ್ಷದ ಚೀಲದಿಂದ ತೆಗೆದಿದ್ದೆ ಅಂತ ಹೇಳಿದ. ಯಾರೂ ನಗಲಿಲ್ಲ. ಇಬ್ಬರು ತಮ್ಮ ಚೀಲವನ್ನೂ ನೋಡಬೇಕು ಅಂದರು.

ಹಳದಿ ಎಲೆ ರೋಗದ ಮಾತು ಬಂದಾಗ ಅಂಗಳ ಭಾರವಾಯಿತು. ಸುಳ್ಯ, ಸಂಪಾಜೆ ಕಡೆ ತೋಟಗಳೇ ಹೋಗಿವೆ, ಔಷಧಿ ಇಲ್ಲ. ಯಾರೂ ಇಲ್ಲದ ಭರವಸೆ ಕೊಡಲಿಲ್ಲ. ಕಾಳುಮೆಣಸು, ರಂಬುಟಾನ್, ತಾಳೆ, ಹಾಕಿ ನೋಡಿದವರು ತಮ್ಮ ತಮ್ಮ ಲೆಕ್ಕ ಹೇಳಿದರು. ಕೆಲವರದು ಲಾಭ, ಕೆಲವರದು ನಷ್ಟ. ಎರಡನ್ನೂ ಒಬ್ಬರು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದರು.

ಮರುದಿನ ಶಿರಾಡಿ ಘಾಟಿ ಹತ್ತಿ ಸಕಲೇಶಪುರ, ಹಾಸನದ ಮೇಲೆ ಊರು ಸೇರಿದೆವು. ಬೆಳಕಿರುವಾಗಲೇ ಘಾಟಿ ದಾಟಿ, ರಾತ್ರಿ ಲಾರಿಗಳ ಸಾಲಿನ ಹಿಂದೆ ಸಿಕ್ಕಿಬಿದ್ದರೆ ಗಂಟೆಗಟ್ಟಲೆ ಹೋಗುತ್ತದೆ.

ಈಗ ನಮ್ಮ ಬೀದಿಯ ಐದು ಮನೆಯವರು ಸೇರಿ ಒಂದು ದೋಟಿ ತರುವ ಮಾತು ನಡೆದಿದೆ. ಶಿರಸಿಯ ಹಿರಿಯರು ಬಂದು ಒಂದು ದಿನ ತೋಟದಲ್ಲೇ ತೋರಿಸಿಕೊಡಲು ಒಪ್ಪಿದ್ದಾರೆ. ದೋಟಿ ಯಾರ ಮನೆಯಲ್ಲಿ ಇರಬೇಕು, ಕತ್ತಿ ಮುರಿದರೆ ಯಾರು ಕೊಡಬೇಕು, ಕರೆಂಟ್ ಲೈನ್ ಕೆಳಗಿನ ಎರಡು ಸಾಲು ಮರ ಏನು ಮಾಡಬೇಕು ಅನ್ನುವುದು ಇನ್ನೂ ತೀರ್ಮಾನ ಆಗಿಲ್ಲ. ಭಾನುವಾರ ಭಾವನ ಕಣದಲ್ಲಿ ಎಲ್ಲರೂ ಕೂರುತ್ತಿದ್ದೇವೆ.